ಖಾಲಿ ಬಿಟ್ಟ ಸರದಿ

ಮೋಸ ಮಾಡಿ ಕರೆತಂದವಳು ಕಟ್ಟಿಕೊಂಡ ಹೆಂಡತಿಯೇ ಆದರೆ ಯಾರ ಹತ್ತಿರ ಹೋಗಿ ದೂರು ಕೊಡುವುದು? ಎಲ್ಡನ್ ಕ್ರೆನೆಕ್‌ಗೆ ಮೋಸ ಗೊತ್ತಾದದ್ದು ಪಿಕಪ್ ಟ್ರಕ್ಕು ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದಾಗ. ಭಾನುವಾರ, ಮಧ್ಯಾಹ್ನ ಎರಡೂವರೆ ಗಂಟೆ. ಬಾಮೈದ ಡೆಲ್ಬರ್ಟನ ಹುಟ್ಟುಹಬ್ಬ, ಅವನ ಹಿತ್ತಲಲ್ಲಿ ಮಾಂಸ ಸುಡುತ್ತಾರೆ ಎಂದು ಹೇಳಿ ವರ್ಲೀನ್ ಅವನನ್ನು ಹೊರಡಿಸಿದ್ದಳು. ಡೆಲ್ಬರ್ಟನ ಮನೆಗೆ ಬಲಕ್ಕೆ ಹೋಗಬೇಕು. ಎಡಕ್ಕೆ ಹೋದರೆ ಹತ್ತು ಮೈಲಿ ಹುಲ್ಲುಗಾವಲು, ಅದಾದ ಮೇಲೆ ಜನ ಬಿಯರು ಕುಡಿದು ಕುಣಿಯುವ ವಿಲ್ಮಾಳ ಹಾಂಕಿಟಾಂಕ್, ಅದಾದ ಮೇಲೆ ಮತ್ತೆ ಹುಲ್ಲುಗಾವಲು.

"ಇದೇನೆ, ಈ ಕಡೆಗ್ಯಾಕೆ?"

"ಡೆಲ್ಬರ್ಟು ವಿಲ್ಮಾಳಲ್ಲೇ ಮಾಡ್ಕೊಳ್ತಾನಂತೆ. ಅರವತ್ತು ತುಂಬಿದ್ದಕ್ಕೆ ಕುಣೀಬೇಕಂತೆ ಅವನಿಗೆ."

"ಇವತ್ತು ಯಾರ ಬ್ಯಾಂಡು?"

ಗಾಡಿ ಓಡಿಸುತ್ತಿದ್ದ ವರ್ಲೀನ್ ಕನ್ನಡಿಯಲ್ಲಿ ತುಟಿಯ ಬಣ್ಣ ನೋಡಿಕೊಂಡಳು. ಹತ್ತು ಮೈಲಿ ಕಳೆದದ್ದೇ ಉತ್ತರ ಕಂಡಿತು. ಜಲ್ಲಿಕಲ್ಲಿನ ಅಂಗಳದಲ್ಲಿ, ಬಾಗಿಲಿಗೆ ತಾಗಿದಂತೆ, ಬ್ಯಾಂಡಿನ ಹಾಡುಗಾರ ಕ್ಲೋವಿಸ್ ಟೀಗ್‌ನ ಬಿಳಿ ವ್ಯಾನು ನಿಂತಿತ್ತು. ಮೂವತ್ತೊಂದು ವರ್ಷ ಎಲ್ಡನ್ ಆ ವ್ಯಾನಿನಲ್ಲಿ, ಅದಕ್ಕೂ ಹಿಂದಿನ ಮೂರು ವ್ಯಾನುಗಳಲ್ಲಿ, ಟೆಕ್ಸಸ್ಸಿನ ಉದ್ದಗಲ ಓಡಾಡಿದ್ದ. ಯಾವ ಸೀಟಿನ ಕೆಳಗೆ ಯಾರ ಬೂಟು ನಾರುತ್ತದೆ ಎಂಬುದೂ ಅವನಿಗೆ ಗೊತ್ತು.

"ಗಾಡಿ ತಿರುಗಿಸು."

"ಎರಡು ವರ್ಷ ಆಯ್ತು ಎಲ್ಡನ್. ನೀವಿಬ್ರೂ ಮುದುಕರು. ಯಾರಾದ್ರೂ ಒಬ್ಬ ಸತ್ತ ಮೇಲೆ ಇನ್ನೊಬ್ಬ ಹೋಗಿ ಅಳೋದಕ್ಕಿಂತ, ಇವತ್ತು ಹೋಗಿ ಒಂದು ಬಿಯರ್ ಕುಡೀರಿ. ಇಳಿ."

ಎರಡು ವರ್ಷದ ಹಿಂದೆ ಇದೇ ಅಂಗಳದಲ್ಲಿ, ಕುಣಿತ ಮುಗಿದು ಸಾಮಾನು ತುಂಬುವಾಗ, ಎಲ್ಡನ್ ಕ್ಲೋವಿಸ್‌ನ ಮೇಲೆ ಹರಿಹಾಯ್ದಿದ್ದ. ಹಾಡಿನ ನಡುವೆ ಒಬ್ಬನೇ ನುಡಿಸೋ ನನ್ನ ಸರದಿಯನ್ನೆಲ್ಲ ಪಿಟೀಲಿನವನಿಗೆ ಕೊಡ್ತೀಯ, ನನ್ನ ಧ್ವನಿ ತಗ್ಗಿಸ್ತೀಯ, ನಾನೇನು ನಿನ್ನ ವೇದಿಕೆಯ ಮೇಜೋ ಕುರ್ಚಿಯೋ ಎಂದು ಐದಾರು ಜನರೆದುರು ಕೂಗಾಡಿ, ತನ್ನ ಸ್ಟೀಲ್ ಗಿಟಾರನ್ನು ತನ್ನ ಟ್ರಕ್ಕಿಗೆ ಹಾಕಿಕೊಂಡು ಹೊರಟುಹೋಗಿದ್ದ. ಕ್ಲೋವಿಸ್ ಬಾಯಿ ತೆರೆದು ನಿಂತೇ ಇದ್ದ. ಅಂದಿನಿಂದ ಊರೆಲ್ಲ ಒಂದೇ ಮಾತು: ಕ್ಲೋವಿಸ್ ಅಷ್ಟು ಒಳ್ಳೆಯ ವಾದ್ಯಗಾರನನ್ನು ಅವಮಾನ ಮಾಡಿ ಕಳಿಸಿಬಿಟ್ಟ.

ಅದರಲ್ಲಿ ಒಂದಕ್ಷರವೂ ನಿಜವಲ್ಲ. ಕ್ಲೋವಿಸ್ ಅವನ ಸರದಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ನಿಜ ಏನೆಂದರೆ ಎಲ್ಡನ್‌ನ ಎಡಗೈ ಸತ್ತಿತ್ತು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ಅಂಗೈಯ ಅಂಚು, ಕೊನೆಗೆ ಮುಕ್ಕಾಲು ಕೈ. ಕೈ ನೋಡುವುದಕ್ಕೆ ಸರಿಯಾಗಿಯೇ ಇದೆ, ಮಡಿಚುತ್ತದೆ, ತೆರೆಯುತ್ತದೆ, ಆದರೆ ಏನು ಹಿಡಿದಿದೆ ಎಂದು ಅದಕ್ಕೇ ಗೊತ್ತಿಲ್ಲ. ಮೂರು ಊರಾಚೆಯ ಡಾಕ್ಟರು ಕತ್ತಿನ ನರ ಎಂದಿದ್ದ, ಇನ್ನು ಬರುವುದಿಲ್ಲ ಎಂದಿದ್ದ. ಸ್ಟೀಲ್ ಗಿಟಾರು ನಾಲ್ಕು ಕಾಲಿನ ಮೇಲೆ ಮೇಜಿನಂತೆ ನಿಲ್ಲುವ ವಾದ್ಯ, ಕೂತು ಪಾದದಿಂದ ಪೆಡಲು ಒತ್ತಿ ನುಡಿಸಬೇಕು; ಅದಕ್ಕೆ ವೀಣೆಯಂತೆ ಮೆಟ್ಟಿಲುಗಳಿಲ್ಲ, ಬೆರಳಿಗೆ ತಡೆಗಳಿಲ್ಲ. ಎಡಗೈಯಲ್ಲಿ ಒಂದು ದುಂಡನೆಯ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೆ ಸ್ವರ ಹುಳಿಯಾಗುತ್ತದೆ. ಆ ಕೂದಲೆಳೆಯನ್ನು ಹೇಳುವುದು ಬೆರಳು.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಕೆಲವು ಗಂಡಸರಿಗೆ ಸಿಟ್ಟುಗಾರ ಅನ್ನಿಸಿಕೊಳ್ಳುವುದು ಹೆಮ್ಮೆ, ಕೈಲಾಗದವ ಅನ್ನಿಸಿಕೊಳ್ಳುವುದು ಸಾವು. ಎಲ್ಡನ್ ಆ ಜಾತಿಯವನು. ಅಯ್ಯೋ ಪಾಪ ಎಂದು ಒಬ್ಬರೂ ತನ್ನ ಕಡೆ ನೋಡಬಾರದು ಎಂದು ಮೂವತ್ತು ವರ್ಷದ ಸ್ನೇಹಿತನ ತಲೆಗೆ ಇಲ್ಲದ ತಪ್ಪು ಕಟ್ಟಿ ಮನೆಗೆ ಬಂದು ಕೂತ.

ಸುಳ್ಳು ಹೇಳಿದವನು ಸುಮ್ಮನಿದ್ದರೆ ಸಾಲದು, ಅದನ್ನು ಸಾಕಬೇಕು. ಹದಿನಾಲ್ಕು ತಿಂಗಳ ಹಿಂದೆ ಕ್ಲೋವಿಸ್‌ನ ಹೆಂಡತಿ ಒಲೀಟಾ ತೀರಿಕೊಂಡಾಗ, ಅವನೇ ಫೋನು ಮಾಡಿ, ಗೋರಿಯ ಹತ್ತಿರ ಒಂದು ಪ್ರಾರ್ಥನೆಗೀತೆ ನುಡಿಸ್ತೀಯೇನೋ ಎಂದು ಕೇಳಿದ್ದ. ಎಲ್ಡನ್ ತನ್ನ ಎಡಗೈಯನ್ನು ನೋಡಿಕೊಂಡು, "ನಿನ್ನ ಪಿಟೀಲಿನವನನ್ನ ಕರಿ," ಎಂದು ಫೋನು ಇಟ್ಟಿದ್ದ. ಮಣ್ಣಿಗೂ ಹೋಗಲಿಲ್ಲ. ವರ್ಲೀನ್ ಒಬ್ಬಳೇ ಹೋಗಿ ಬಂದು ಎರಡು ವಾರ ಅವನ ಜೊತೆ ಮಾತು ಬಿಟ್ಟಿದ್ದಳು.

ಈಗ ಅದೇ ಕ್ಲೋವಿಸ್‌ನ ಎದುರಿಗೆ ಹೋಗಿ ಕೂರಬೇಕು. ಎಲ್ಡನ್ ಟ್ರಕ್ಕಿನಿಂದ ಇಳಿದ. ಇಳಿಯದೆ ಕೂತಿದ್ದರೆ ಬಾಗಿಲಲ್ಲಿ ನಿಂತಿದ್ದ ಡೆಲ್ಬರ್ಟು ಬಂದು ಎತ್ತಿಕೊಂಡೇ ಹೋಗುತ್ತಿದ್ದ. ಅವನ ಮೈಕಟ್ಟು ಹಾಗಿದೆ.

ವಿಲ್ಮಾಳ ಜಾಗದಲ್ಲಿ ಎತ್ತರದ ಗಂಡಸು ಟೋಪಿ ಹಾಕಿ ನಿಂತರೆ ಟೋಪಿ ಸೂರಿಗೆ ತಾಗುತ್ತದೆ. ಕಿಟಕಿಗಳಿಗೆ ಹಲಗೆ ಬಡಿದು ಯಾವುದೋ ಕಾಲವಾಯಿತು. ಒಳಗೆ ಹೊಕ್ಕರೆ ಹಗಲೋ ರಾತ್ರಿಯೋ ತಿಳಿಯದು. ಸುಟ್ಟ ಮಾಂಸದ ಹೊಗೆ, ಚೆಲ್ಲಿದ ಬಿಯರು, ಕುಣಿಯುವ ಬೂಟು ಜಾರಲೆಂದು ನೆಲಕ್ಕೆ ಎರಚಿದ ಮೆಕ್ಕೆಜೋಳದ ಹಿಟ್ಟು, ಮುದುಕಿಯರ ಸೆಂಟು, ಎಲ್ಲ ಸೇರಿ ಒಂದೇ ವಾಸನೆ. ವರ್ಲೀನ್ ಹಿಡಿದಿದ್ದ ಮೇಜು ವೇದಿಕೆಗೆ ಎದುರಿಗೇ ಇತ್ತು, ಗೋಡೆಗೆ ಅಂಟಿಸಿದ ಉದ್ದನೆಯ ಬೆಂಚು. ಎಲ್ಡನ್‌ನನ್ನು ಒಳಗಿನ ಮೂಲೆಗೆ ತಳ್ಳಿದರು. ಅವನ ಪಕ್ಕ ಡೆಲ್ಬರ್ಟು, ಅವನ ಪಕ್ಕ ಡೆಲ್ಬರ್ಟನ ಹೆಂಡತಿ, ಆಮೇಲೆ ಅವಳ ತಾಯಿ, ಆ ತಾಯಿಯ ಊರುಗೋಲು. ಹೊರಗೆ ಹೋಗಬೇಕೆಂದರೆ ಇಡೀ ವಂಶ ಏಳಬೇಕು.

"ಭಾವ, ಉಚ್ಚೆಗೆ ಹೋಗೋದಿದ್ರೆ ಈಗಲೇ ಹೇಳಿ," ಎಂದ ಡೆಲ್ಬರ್ಟು. "ಆಮೇಲೆ ನಾನು ಏಳಲ್ಲ. ಸುಟ್ಟ ಬ್ರಿಸ್ಕೆಟ್ ಮಾಂಸ ತಿಂದ ಮೇಲೆ ನಂಗೆ ಏಳೋಕಾಗಲ್ಲ."

"ಹುಟ್ಟುಹಬ್ಬ ನಿಜವಾಗ್ಲೂ ಇವತ್ತೇನಾ?"

"ಆಗಸ್ಟಿನಲ್ಲಿ," ಎಂದ ಡೆಲ್ಬರ್ಟು, ನಾಚಿಕೆಯಿಲ್ಲದೆ. ಅದು ಮಾರ್ಚಿ ತಿಂಗಳು.

ಮೂರು ಹೊಡೆಯಿತು, ಬ್ಯಾಂಡು ವೇದಿಕೆ ಹತ್ತಿತು. ಕ್ಲೋವಿಸ್ ಮುಂದೆ ಬಂದು ಗಿಟಾರಿನ ಪಟ್ಟಿ ಹೆಗಲಿಗೇರಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಇಷ್ಟು ತೆಳ್ಳಗಾಗಿದ್ದಾನೆ ಎಂದು ಎಲ್ಡನ್‌ಗೆ ಯಾರೂ ಹೇಳಿರಲಿಲ್ಲ. ಕ್ಲೋವಿಸ್ ಬೆಂಚಿನ ಕಡೆ ನೋಡಿದ, ಟೋಪಿಯ ಅಂಚು ಮುಟ್ಟಿದ, ಎಣಿಕೆ ಕೊಟ್ಟ.

ಮತ್ತೆ ಏನಾದರಾಗಲಿ, ಬ್ಯಾಂಡು ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳದಿದ್ದರೆ ಎಲ್ಡನ್ ಎಲ್ಡನ್ನೇ ಅಲ್ಲ. ಆಳೆತ್ತರದ ಬಾಸ್ ವಾದ್ಯ ಒಂದು ಹೆಜ್ಜೆ ಇಟ್ಟು ಒಂದು ಹೆಜ್ಜೆ ಬಿಡುತ್ತಿತ್ತು. ಡ್ರಮ್ಮಿನವನು ಕುಂಚದಿಂದ ಚರ್ಮ ಗುಡಿಸುತ್ತಿದ್ದ, ಒಂದು ಏಟೂ ಹೆಚ್ಚಿಲ್ಲ. ಪಿಟೀಲು ಹಾಡಿನ ಬಾಲ ಹಿಡಿದುಕೊಂಡೇ ಓಡುತ್ತಿತ್ತು. ಎರಡನೆಯ ಸಾಲಿಗೆ ಮೊದಲೇ ನಲವತ್ತು ಜೋಡಿ ನೆಲಕ್ಕಿಳಿದು ಗಡಿಯಾರಕ್ಕೆ ಎದುರಾಗಿ ಸುತ್ತಲು ಶುರುಮಾಡಿದವು. ಗಂಡಸು ಮುಂದಕ್ಕೆ, ಹೆಂಗಸು ಹಿಂದಕ್ಕೆ, ಎರಡು ಬೇಗ, ಎರಡು ನಿಧಾನ. ಹಾಡಿನಲ್ಲಿ ಲಾರಿ ಓಡಿಸುವವನೊಬ್ಬ ಮನೆಗೆ ಬಂದರೆ ನಾಯಿಯೂ ಅವನನ್ನು ಗುರುತಿಸುತ್ತಿರಲಿಲ್ಲ. ಅಂಥ ಹಾಡಿಗೆ ಜನ ಎಷ್ಟು ಸಂತೋಷದಿಂದ ಕುಣಿಯುತ್ತಾರೆ!

ಸ್ಟೀಲಿನ ಮುಂದೆ ಕೂತಿದ್ದವಳು ಮೂವತ್ತರ ಹೆಂಗಸು, ಕೋರಾ ಬೆತ್ ಎಂದು ಹೆಸರು. ಎರಡು ವರ್ಷದಿಂದ ಅವನ ಜಾಗದಲ್ಲಿ ಅವಳೇ. ಕೆಟ್ಟದಾಗಿ ನುಡಿಸಲಿ ಎಂದು ಎಲ್ಡನ್ ಕಾದ. ಅವಳು ಕೆಟ್ಟದಾಗಿ ನುಡಿಸಲಿಲ್ಲ. ಸರದಿ ಬಂದಾಗ ಉಕ್ಕಿನ ತುಂಡನ್ನು ಮೆಲ್ಲಗೆ ಮೇಲಕ್ಕೆ ಜಾರಿಸಿ ಸ್ವರವನ್ನು ಅಳುವಿನ ಅಂಚಿಗೆ ತಂದು ಅಲ್ಲೇ ನಿಲ್ಲಿಸಿದಳು. ಮೇಜಿನ ಕೆಳಗೆ ಎಲ್ಡನ್‌ನ ಬಲಪಾದ ತಾನಾಗಿಯೇ ಒತ್ತಿತು. ಎಡಗೈಯೂ ಏನಾದರೂ ಮಾಡಿತೋ ಏನೋ, ಅವನಿಗೆ ತಿಳಿಯಲಿಲ್ಲ. ಬಗ್ಗಿ ನೋಡಿದ. ಅದು ತೊಡೆಯ ಮೇಲೆ ಬಿದ್ದುಕೊಂಡಿತ್ತು.

ಬಿಡುವು ಕೊಟ್ಟಾಗ ಕ್ಲೋವಿಸ್ ಇತ್ತ ಬರಲಿಲ್ಲ, ಹಿಂಬಾಗಿಲಿನಿಂದ ಹೊರಗೆ ಹೋದ. ಬಂದವಳು ಕೋರಾ ಬೆತ್.

"ಕ್ರೆನೆಕ್ ಸರ್, ನಿಮ್ಮೆದುರಿಗೆ ನುಡಿಸೋಕೆ ಕೈಕಾಲು ನಡುಗ್ತಿತ್ತು ನಂಗೆ."

"ನಡುಗಿದ್ದು ಕಾಣಲಿಲ್ಲ. ಚೆನ್ನಾಗಿ ನುಡಿಸ್ತೀಯಮ್ಮ."

"ಎರಡನೇ ಸುತ್ತಿಗೆ ನಾನು ಏಳ್ತೀನಿ. ನೀವು ಕೂರಬೇಕು."

ಬಂತು. ಎಲ್ಡನ್ ಇದಕ್ಕೇ ಹೆದರಿ ಕೂತಿದ್ದ. ಆದರೆ ಅವನೂ ಹಳೆಯ ಹುಲಿ. ಸ್ಟೀಲ್ ಗಿಟಾರಿನ ಪೆಡಲುಗಳನ್ನು ಎರಡು ಪಂಗಡದವರು ಎರಡು ರೀತಿ ಜೋಡಿಸುತ್ತಾರೆ, ಕೆಲವರು ಎಡದಿಂದ ಬಲಕ್ಕೆ, ಕೆಲವರು ಬಲದಿಂದ ಎಡಕ್ಕೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ, ಆಗುವುದಿಲ್ಲ ಎಂದರೆ ಯಾರೂ ತಪ್ಪು ತಿಳಿಯುವುದೂ ಇಲ್ಲ.

"ನಿನ್ನ ಪೆಡಲು ಯಾವ ಕಡೆಯಿಂದ?"

"ಬಲದಿಂದ, ಸರ್."

"ಅಯ್ಯೋ," ಎಂದ ಎಲ್ಡನ್. ದುಃಖ ತೋರಿಸಲು ತಲೆಯನ್ನೂ ಆಡಿಸಿದ. "ನನ್ನದು ಎಡದಿಂದ. ಈ ವಯಸ್ಸಿಗೆ ಕಾಲನ್ನ ತಿರುಗಿಸಿ ಹಾಕ್ಕೊಳ್ಳೋಕಾಗುತ್ತಾ? ಕ್ಲೋವಿಸ್‌ಗೆ ಹೇಳ್ಬಿಡು, ಬೇಜಾರಿಲ್ಲ ಅಂತ ಹೇಳು."

ಎದೆ ಹಗುರಾಯಿತು. ಆ ಮಧ್ಯಾಹ್ನ ಮೊದಲ ಸಲ ಬ್ರಿಸ್ಕೆಟ್ಟಿಗೆ ಕೈ ಹಾಕಿದ, ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡ. ಇನ್ನೆರಡು ಗಂಟೆ ಕೂತಿದ್ದು ಕ್ಲೋವಿಸ್‌ಗೆ ದೂರದಿಂದ ತಲೆಯಾಡಿಸಿ ಮನೆಗೆ ಹೋದರೆ ಆಯಿತು. ಜಗಳವೂ ಅರ್ಧ ಮುಗಿದಂತೆ, ಗುಟ್ಟೂ ಉಳಿದಂತೆ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಪಕ್ಕದಲ್ಲಿ ಡೆಲ್ಬರ್ಟು ಇಲ್ಲದ್ದು ಗೊತ್ತಾಯಿತು. ತಿಂದ ಮೇಲೆ ಏಳುವುದಿಲ್ಲ ಎಂದವನು ಯಾವ ಮಾಯದಲ್ಲೋ ಎದ್ದುಹೋಗಿದ್ದ.

ಅವನು ಬಾಗಿಲಿನಿಂದ ಅಡ್ಡಡ್ಡವಾಗಿ ಒಳಗೆ ಬಂದ. ಕೈಯಲ್ಲಿ ಕಪ್ಪು ಪೆಟ್ಟಿಗೆ, ಹಿಂದೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವವಳ ಮುಖ ಹೊತ್ತು ವರ್ಲೀನ್. ಎರಡು ವರ್ಷದಿಂದ ಅತಿಥಿಗಳ ಕೋಣೆಯ ಮಂಚದ ಕೆಳಗೆ, ಹಳೆಯ ಕೌದಿಯ ಅಡಿ ಇದ್ದ ಪೆಟ್ಟಿಗೆ ಅದು. ಟ್ರಕ್ಕಿನ ಹಿಂದೆ ಟಾರ್ಪಾಲು ಹೊದಿಸಿದ್ದು ಹುಟ್ಟುಹಬ್ಬದ ಕುರ್ಚಿಗಳಿಗೆ ಎಂದು ಎಲ್ಡನ್ ನಂಬಿದ್ದ.

"ಬಲದ ಪೆಡಲು ಎಡದ ಪೆಡಲು ಅಂತ ನೀನು ನೆವ ಹೇಳ್ತೀಯ ಅಂತ ನಂಗೆ ಗೊತ್ತಿಲ್ವಾ?" ಎಂದಳು ವರ್ಲೀನ್ ಬೆಂಚಿನ ಮೇಲೆ ಬಗ್ಗಿ. "ಮೂವತ್ತೊಂದು ವರ್ಷ ಸ್ಟೀಲಿನವನ ಹೆಂಡತಿ ನಾನು. ನಿನ್ನದನ್ನೇ ತಂದಿದೀನಿ."

"ವರ್ಲೀನ್, ನಾನು ಹೇಳೋದು ಕೇಳು."

"ಎರಡು ವರ್ಷ ಕೇಳಿದೆ. ನೀನು ಏನೂ ಹೇಳಲಿಲ್ಲ."

ಆಗ ಹೇಳಬಹುದಾಗಿತ್ತು. ಬೆಂಚಿನ ಮೇಲೆ ಅತ್ತೆಯರು, ನಾದಿನಿಯರು, ಪಕ್ಕದ ಮೇಜಿನವರು ಎಲ್ಲ ಇತ್ತ ತಿರುಗಿ ನಗುತ್ತಾ ಕೂತಿದ್ದರು. ಅವನ ಬಾಯಲ್ಲಿ ಮಾಂಸದ ತುತ್ತು ಇತ್ತು. ನುಂಗುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ವೇದಿಕೆಯ ಅಂಚಿನಲ್ಲಿ ಕೋರಾ ಬೆತ್ ಮಂಡಿಯೂರಿ ಅವನ ಸ್ಟೀಲಿಗೆ ಕಾಲು ತಿರುಗಿಸಿ ಕೂರಿಸುತ್ತಿದ್ದಳು, ಸಲಾಕೆಗಳನ್ನು ಒಂದೊಂದಾಗಿ ಪೆಡಲಿಗೆ ಸಿಕ್ಕಿಸುತ್ತಿದ್ದಳು. ಒಂದೂ ತಪ್ಪಾಗಲಿಲ್ಲ. ಹಾಳಾದವಳು ಕೆಲಸ ಬಲ್ಲವಳು.

ವಿಲ್ಮಾಳಲ್ಲಿ ಹಳೆಯ ವಾದ್ಯಗಾರನನ್ನು ಬಾ ಬಾ ಎಂದು ಕೂಗಿ ಕರೆಯುವ ಪದ್ಧತಿ ಇಲ್ಲ. ಕೂಗಿ ಕರೆಸಿಕೊಳ್ಳುವುದು ಅವನಿಗೆ ಅವಮಾನ. ಕುರ್ಚಿ ಖಾಲಿ ಬಿಟ್ಟು ಹಾಡು ಶುರುಮಾಡುತ್ತಾರೆ. ಅವನ ಸರದಿ ಬಂದಾಗ ಹಾಡುಗಾರ ಒಂದು ಸಲ ಹೆಸರು ಹೇಳುತ್ತಾನೆ, ಅಷ್ಟೇ. ಪಿಟೀಲು ನಿಲ್ಲುತ್ತದೆ, ಗಿಟಾರು ನಿಲ್ಲುತ್ತದೆ, ಬರೀ ಬಾಸು ಡ್ರಮ್ಮು ಉಳಿಯುತ್ತವೆ. ಆ ಖಾಲಿಯಲ್ಲಿ ಜನ ಕುಣಿಯುತ್ತಲೇ ಇರುತ್ತಾರೆ. ಹಾಡಿಗೆ ಎರಡು ಸರದಿ. ಎರಡನೆಯದಕ್ಕೂ ಏಳದವನು ಆ ಬ್ಯಾಂಡಿನವರ ಮುಖಕ್ಕೆ ಉಗಿದಂತೆ. ಅದಾದ ಮೇಲೆ ರಾಜಿ ಎಂಬುದಿಲ್ಲ. ಎಲ್ಡನ್‌ಗೆ ನೆನಪಿರುವಂತೆ ಹಾಗೆ ಕೂತೇ ಇದ್ದವನು ಒಬ್ಬನೇ, ಅವನು ಆಮೇಲೆ ಊರು ಬಿಟ್ಟ.

ಕೋರಾ ಬೆತ್ ತನ್ನ ವಾದ್ಯದ ಹಿಂದೆ ಕೈಕಟ್ಟಿ ನಿಂತಳು. ಹಾಡು ಶುರುವಾಯಿತು, ಜನ ನೆಲಕ್ಕಿಳಿದರು. ವರ್ಲೀನ್ ಡೆಲ್ಬರ್ಟನ ಹೆಗಲ ಮೇಲೆ ಕೈಯಿಟ್ಟು ಸುತ್ತಿಗೆ ಸೇರಿಕೊಂಡಳು. ಕ್ಲೋವಿಸ್ ಎರಡು ಚರಣ ಹಾಡಿದ. ಆಮೇಲೆ ಮೈಕಿನೊಳಗೆ ಬರೀ ಇಷ್ಟು ಹೇಳಿದ:

"ಎಲ್ಡನ್ ಕ್ರೆನೆಕ್."

ಪಿಟೀಲು ನಿಂತಿತು. ಬಾಸು ನಡೆಯುತ್ತಿತ್ತು, ಬೂಟುಗಳು ಹಿಟ್ಟಿನ ಮೇಲೆ ಸರಸರ ಅನ್ನುತ್ತಿದ್ದವು. ಎಲ್ಡನ್ ಗೋಡೆಗೆ ಬೆನ್ನು ಒತ್ತಿ ಕೂತ. ಎದ್ದರೆ ಕೈಯ ಗುಟ್ಟು ಇನ್ನೂರು ಜನರೆದುರು ಬಯಲು, ಏಳದಿದ್ದರೆ ಕ್ಲೋವಿಸ್ ಇನ್ನು ಜನ್ಮಕ್ಕೆ ಇಲ್ಲ. ಬಿಸಿತುಪ್ಪವಾದರೂ ಬಾಯಿ ಮಾತ್ರ ಸುಡುತ್ತದೆ. ಅವನಿಗೆ ಹೊಟ್ಟೆಯವರೆಗೂ ಸುಟ್ಟಿತು. ಸರದಿ ಪೂರಾ ಖಾಲಿ ಹೋಯಿತು. ಕ್ಲೋವಿಸ್ ಮೂರನೆಯ ಚರಣ ಎತ್ತಿಕೊಂಡ, ಧ್ವನಿ ಒಂದಿಷ್ಟು ಒಡೆದಿತ್ತು. ಅವನು ಬೆಂಚಿನ ಕಡೆ ನೋಡಲಿಲ್ಲ. ಕಾಲರಿನೊಳಗೆ ಅವನ ಗಂಟಲ ಮಣಿ ಏರಿ ಇಳಿಯಿತು.

ಆ ಗಂಟಲು ನೋಡಿಯೇ ಎಲ್ಡನ್ ಎದ್ದದ್ದು. ಡೆಲ್ಬರ್ಟನ ಹೆಂಡತಿ ಎದ್ದಳು, ಅವಳ ತಾಯಿ ಎದ್ದಳು, ಊರುಗೋಲು ಬಿತ್ತು, ಯಾರೋ ಎತ್ತಿಕೊಟ್ಟರು. ಕುಣಿಯುವವರ ಸುತ್ತಿನಲ್ಲಿ ಸಂದು ನೋಡಿ ದಾಟಿ, ಗೇಣೆತ್ತರದ ವೇದಿಕೆ ಹತ್ತಿ ತನ್ನ ಸ್ಟೀಲಿನ ಹಿಂದೆ ಕೂತ. ಉಕ್ಕಿನ ತುಂಡು ತಂತಿಯ ಪಕ್ಕ ಬಟ್ಟೆಯ ಮೇಲೆ ಸಿದ್ಧವಾಗಿತ್ತು. ಬಲಗೈಯಿಂದ ಎತ್ತಿ ಎಡಗೈಗೆ ಇಟ್ಟುಕೊಂಡ, ಬೆರಳುಗಳು ಅದರ ಮೇಲೆ ಮಡಿಚಿದ್ದನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡ. ಕಣ್ಣಿಟ್ಟು ನುಡಿಸಿದರೆ ಒಂದು ಸರದಿಯಷ್ಟು ಹೇಗೋ ಆದೀತು ಎಂಬ ಆಸೆ. ಮನುಷ್ಯನ ಆಸೆಗೆ ಬುದ್ಧಿ ಎಲ್ಲಿದೆ?

"ಎಲ್ಡನ್ ಕ್ರೆನೆಕ್," ಎಂದ ಕ್ಲೋವಿಸ್ ಎರಡನೆಯ ಸಲ, ಈಗ ನಗುತ್ತಿದ್ದ.

ಮೊದಲ ಸ್ವರ ಹುಳಿಯಾಯಿತು. ಎರಡನೆಯದು ಇನ್ನೂ ಹುಳಿ. ಮೂರನೆಯದಕ್ಕೆ ಜಾರಿಸುವಾಗ ಉಕ್ಕಿನ ತುಂಡು ಕೈಬಿಟ್ಟು ತಂತಿಗಳ ಮೇಲೆ ಬಿದ್ದು ಉರುಳಿತು. ಸ್ಪೀಕರಿನೊಳಗಿಂದ ತಗಡಿನ ಅಂಗಡಿ ಕುಸಿದ ಸದ್ದು ಬಂತು. ಕುಣಿಯುವವರಲ್ಲಿ ಕೆಲವರು ನಕ್ಕರು, ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಕ್ಲೋವಿಸ್ ನಗಲಿಲ್ಲ. ಪಿಟೀಲಿನವನಿಗೆ ಗದ್ದದ ಸನ್ನೆಯಲ್ಲೇ ಉಳಿದದ್ದನ್ನು ತುಂಬಲು ಹೇಳಿ, ಮೈಕು ಬಿಟ್ಟು ಸ್ಟೀಲಿನ ಹತ್ತಿರ ಬಂದ. ಮುಖ ಬಿಳಿಚಿತ್ತು.

"ಬೇಡ ಅಂದ್ರೆ ಬೆಂಚಲ್ಲೇ ಕೂತಿರಬೇಕಿತ್ತು. ಇಷ್ಟು ಜನರೆದುರಿಗೆ ಬೇಕಂತ ನನ್ನ ಹಾಡು ಕೆಡಿಸೋಕೆ ಎದ್ದು ಬಂದ್ಯಾ?"

ಹಳೆಯ ವಾದ್ಯಗಾರರು ಹಾಡುಗಾರನ ಮೇಲೆ ಸೇಡು ತೀರಿಸಿಕೊಳ್ಳುವುದು ಹೀಗೇ, ಬೇಕೆಂದೇ ಹುಳಿ ನುಡಿಸಿ. ಮೂವತ್ತೊಂದು ವರ್ಷ ಒಂದು ಸ್ವರ ತಪ್ಪದವನು ಮೂರಕ್ಕೆ ಮೂರು ತಪ್ಪಿದರೆ ಕ್ಲೋವಿಸ್ ಬೇರೆ ಏನು ತಿಳಿಯಬೇಕು? ಎಲ್ಡನ್ ತಾನು ಕಟ್ಟಿದ ಸುಳ್ಳಿನೊಳಗೆ ತಾನೇ ಕೂತಿದ್ದ, ಅದಕ್ಕೆ ಬಾಗಿಲನ್ನೇ ಇಟ್ಟಿರಲಿಲ್ಲ.

"ಬೇಕಂತ ಅಲ್ಲ. ಕೈ ಹೋಗಿದೆ ಕಣೋ."

"ಏನು?"

"ಎಡಗೈ. ಸತ್ತಿದೆ. ಜಗಳ ಆಡಿದ್ದು ಅದಕ್ಕೇ. ನೀನು ಏನೂ ಮಾಡಿಲ್ಲ."

ಕ್ಲೋವಿಸ್ ನಂಬಲಿಲ್ಲ. ಎಲ್ಡನ್ ಕೈಯನ್ನು ತಂತಿಗಳ ಮೇಲೆ ಅಂಗಾತ ಇಟ್ಟು ಅವನ ಮುಖ ನೋಡಿದ.

"ಚಿವುಟಿ ನೋಡು."

ಕ್ಲೋವಿಸ್ ಬಗ್ಗಿದ. ಪಿಟೀಲು ಓಡುತ್ತಿತ್ತು. ಎಲ್ಡನ್ ಅವನ ಬಿಳಿಚಿದ ಮುಖವನ್ನೇ ನೋಡುತ್ತಾ ಕಾದ.

"ಚಿವುಟು ಅಂದ್ನಲ್ಲ."

"ಚಿವುಟ್ತಾನೇ ಇದೀನಿ," ಎಂದ ಕ್ಲೋವಿಸ್.

ಎಲ್ಡನ್ ಕೆಳಗೆ ನೋಡಿದ. ಉಂಗುರದ ಬೆರಳಿನ ಮೇಲೆ ಕ್ಲೋವಿಸ್‌ನ ಎರಡು ಉಗುರು ಇಳಿದು ರಕ್ತ ಹನಿದಿತ್ತು.

ಕ್ಲೋವಿಸ್ ಕೈ ಹಿಂದಕ್ಕೆ ತೆಗೆದುಕೊಂಡ. ಅಪ್ಪಿಕೊಳ್ಳುತ್ತಾನೆ, ಅಥವಾ ಹೊಡೆಯುತ್ತಾನೆ ಎಂದು ಎಲ್ಡನ್ ಕಾದ. ಎರಡೂ ಇಲ್ಲ. ಬೆಲೆ ಕೇಳುವವನ ತಣ್ಣಗಿನ ದನಿಯಲ್ಲಿ ಮಾತಾಡಿದ.

"ಒಲೀಟಾ ಹಾಸಿಗೆ ಹಿಡಿದಾಗ ದಿನಾ ಕೇಳ್ತಿದ್ದಳು, ಎಲ್ಡನ್‌ಗೆ ಏನು ಮಾಡಿದೆ ಹೇಳು, ಹೇಳಿ ಕ್ಷಮೆ ಕೇಳು ಅಂತ. ಏನೂ ಮಾಡಿಲ್ಲ ಕಣೇ ಅಂದ್ರೆ ನಂಬಲಿಲ್ಲ. ಅಂಥವನಲ್ಲ ಎಲ್ಡನ್, ಸುಮ್ಮಸುಮ್ಮನೆ ಹೋಗೋನಲ್ಲ ಅಂದಳು. ಕೊನೆಗೆ ನಾನು ಒಪ್ಪಿಕೊಂಡೆ. ಹೌದು, ಅವನ ಸರದಿ ಕಿತ್ತುಕೊಂಡೆ ಅಂದೆ. ಮಾಡದೇ ಇದ್ದ ತಪ್ಪನ್ನ, ಅವಳು ಸಮಾಧಾನವಾಗಿ ಹೋಗಲಿ ಅಂತ. ಆ ಮಾತು ತಗೊಂಡೇ ಹೋದಳು ಅವಳು."

ಎಲ್ಡನ್‌ಗೆ ಅಲ್ಲಿದ್ದವರೆಲ್ಲ ನೋಡುವಂತೆ ನೆಲಕ್ಕೆ ಬಿದ್ದು ಅಳಬೇಕು ಅನ್ನಿಸಿತು.

"ಇಳಿದು ಹೋಗ್ಲಾ?"

"ಇಲ್ಲ. ಕೂತಿರು. ಇನ್ನೂ ಏಳು ಹಾಡಿದೆ. ನನ್ನ ಕಣ್ಣಿಗೆ ಕಾಣೋ ಹಾಗೆ ಅಲ್ಲೇ ಕೂತಿರು," ಎಂದು ಕ್ಲೋವಿಸ್ ಮೈಕಿಗೆ ಹೋದ. ಕೊನೆಯ ಚರಣಕ್ಕೆ ಸರಿಯಾಗಿ ತಲುಪಿದ. ನಲವತ್ತು ವರ್ಷ ಹಾಡಿದವನು, ಅಳು ಬಂದರೂ ತಾಳ ತಪ್ಪುವುದಿಲ್ಲ.

ಮುಂದಿನ ಹಾಡು ನಿಲ್ಲದೆ ಇದಕ್ಕೇ ಅಂಟಿಕೊಂಡು ಬಂತು. ಎಲ್ಡನ್ ಕೂತಿದ್ದ. ಸ್ಟೀಲು ವೇದಿಕೆಯ ತುದಿಗೇ ಇತ್ತು. ಕುಣಿಯುವವರು ಕೈಗೆಟಕುವಷ್ಟು ಹತ್ತಿರ ಹಾದುಹೋಗುತ್ತಿದ್ದರು. ಅವರ ನಡುವೆ ವರ್ಲೀನ್ ಬಂದಳು, ಡೆಲ್ಬರ್ಟನ ತೋಳಿನಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತಾ. ಇಬ್ಬರು ಮುದುಕರು ತಲೆಗೆ ತಲೆ ತಾಗಿಸಿ ಮಾತಾಡಿದ್ದನ್ನು ಅವಳು ದೂರದಿಂದ ನೋಡಿದ್ದಳು. ಮುಖ ಅರಳಿತ್ತು.

"ರಾಜಿ ಆಯ್ತಾ?"

"ಎಡಗೈ ಸತ್ತುಹೋಗಿದೆ ವರ್ಲೀನ್. ಅದಕ್ಕೇ ಬಿಟ್ಟಿದ್ದು. ಮುಟ್ಟಿದ್ರೆ ಗೊತ್ತಾಗಲ್ಲ."

ಅವಳ ಕಿವಿಗೆ ಅದು ಬಿತ್ತು. ಆದರೆ ಸುತ್ತು ನಿಲ್ಲುವುದಿಲ್ಲ. ಹಿಂದೆ ಇಪ್ಪತ್ತು ಜೋಡಿ, ಮುಂದೆ ಇಪ್ಪತ್ತು ಜೋಡಿ. ಡೆಲ್ಬರ್ಟು ಏನೂ ಕೇಳಿಸಿಕೊಳ್ಳದೆ ಅವಳನ್ನು ಹೊರಳಿಸಿಕೊಂಡು ಹೊರಟೇಹೋದ. ಹಿಂದಕ್ಕೆ ನಡೆಯುವವಳಾದ್ದರಿಂದ ಬಹಳ ದೂರದವರೆಗೂ ಅವಳ ಮುಖ ಎಲ್ಡನ್‌ಗೆ ಕಾಣುತ್ತಿತ್ತು. ಅರಳಿದ್ದು ಅಲ್ಲೇ ನಿಂತಿತ್ತು, ಏನು ಮಾಡಬೇಕೆಂದು ಅದಕ್ಕೆ ತಿಳಿದಿರಲಿಲ್ಲ. ಬಿಲಿಯರ್ಡ್ಸ್ ಮೇಜಿನ ಹತ್ತಿರ ತಿರುವು ಬಂದು ಅವಳು ಮರೆಯಾದಳು.

ಅವನು ಕಾದ. ಬಾಗಿಲಿನ ಪಕ್ಕ ಅವಳ ಬಿಳಿ ಕೂದಲು ಕಂಡಿತು, ಬಾರಿನ ಮುಂದೆ ಕಂಡಿತು, ಮತ್ತೆ ಹತ್ತಿರ ಬಂತು.

"ಯಾವಾಗಿಂದ?" ಎಂದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ಡೆಲ್ಬರ್ಟು ಅವಳನ್ನು ಮತ್ತೆ ಒಯ್ದಿದ್ದ. ಎರಡು ವರ್ಷದ ಮೇಲಾಯ್ತು ಎಂಬ ಉತ್ತರವನ್ನು ಬಾಯಲ್ಲಿಟ್ಟುಕೊಂಡು ಎಲ್ಡನ್ ಇನ್ನೊಂದು ಸುತ್ತು ಕಾದ. ಈ ಸಲ ಡೆಲ್ಬರ್ಟು ಒಬ್ಬನೇ ಬಂದ, ತೋಳು ಖಾಲಿ, ಏನಾಯಿತು ಎಂದು ಆಚೀಚೆ ನೋಡುತ್ತಾ. ವರ್ಲೀನ್ ನೆಲದ ನಟ್ಟನಡುವೆ, ಸುತ್ತಿಗೆ ಅಡ್ಡವಾಗಿ ನೇರ ಬರುತ್ತಿದ್ದಳು. ವಿಲ್ಮಾಳಲ್ಲಿ ಹಾಗೆ ಯಾರೂ ಬರುವುದಿಲ್ಲ. ಜೋಡಿಗಳು ತಡವರಿಸಿದವು, ಯಾರೋ ಗೊಣಗಿದರು, ಒಬ್ಬನ ಟೋಪಿ ಬಿತ್ತು. ಅವಳು ಸ್ಟೀಲಿನ ಮುಂದೆ ಬಂದು ನಿಂತು, ರಕ್ತ ಹನಿದಿದ್ದ ಕೈಯನ್ನು ತಂತಿಗಳ ಮೇಲಿಂದ ಎತ್ತಿಕೊಂಡಳು.

"ದಿನಾ ಊಟಕ್ಕೆ ಮುಂಚೆ ಪ್ರಾರ್ಥನೆಗೆ ನಾನು ಹಿಡ್ಕೊಳ್ಳೋದು ಇದೇ ಕೈ ಅಲ್ವಾ?"

"ಹೂಂ."

"ಆಮೆನ್ ಅನ್ನೋವಾಗ ಒತ್ತುತ್ತೀನಿ. ಮೊದಲೆಲ್ಲ ನೀನೂ ತಿರುಗಿ ಒತ್ತುತ್ತಿದ್ದೆ. ಎರಡು ವರ್ಷದಿಂದ ಒಂದಿನಾನೂ ಒತ್ತಲಿಲ್ಲ. ಕ್ಲೋವಿಸ್ ಮೇಲಿನ ಸಿಟ್ಟು ನನ್ನ ಮೇಲೂ ಬಂದಿದೆ, ನಾನು ಬೇಡವಾದೆ ಅಂದ್ಕೊಂಡೆ. ಬೇಡವಾದ್ರೂ ಪರವಾಗಿಲ್ಲ ಅಂತ ದಿನಾ ಒತ್ತಿದೆ."

"ನಂಗೆ ಗೊತ್ತಾಗ್ತಿರಲಿಲ್ಲ ಕಣೇ."

"ಹೇಳಬಹುದಿತ್ತಲ್ಲ."

ಹೇಳಬಹುದಿತ್ತು. ಏಳುನೂರು ಊಟಗಳಲ್ಲಿ ಯಾವುದೊಂದರಲ್ಲಿ ಬೇಕಾದರೂ ಹೇಳಬಹುದಿತ್ತು. ಎಲ್ಡನ್ ತಲೆ ತಗ್ಗಿಸಿ ಅವಳ ಕೈಯೊಳಗಿದ್ದ ತನ್ನ ಕೈಯನ್ನು ನೋಡಿದ. ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಈಗಲೂ ಒತ್ತುತ್ತಿದ್ದಾಳೆ ಎಂದು ಅದರಿಂದ ಅವನು ತಿಳಿದ. ಕ್ಲೋವಿಸ್ ಮುಂದಿನ ಹಾಡಿನ ಹೆಸರು ಹೇಳಿದ, ಬಾಸು ಹೊರಟಿತು, ಕುಣಿಯುವವರು ಗೊಣಗುತ್ತಲೇ ವರ್ಲೀನಳನ್ನು ಬಳಸಿಕೊಂಡು ಸುತ್ತತೊಡಗಿದರು. ಅವಳು ಜಾಗ ಬಿಡಲಿಲ್ಲ, ಅವನು ಏಳುವಂತಿರಲಿಲ್ಲ. ಎಲ್ಡನ್ ತನ್ನ ಬಲಗೈಯನ್ನು ಸ್ಟೀಲಿನ ಮೇಲಿಂದ ಚಾಚಿ, ಅವಳ ಕೈಯ ಮೇಲಿಟ್ಟು, ತಿರುಗಿ ಒತ್ತಿದ.